ಅಪರಿಗ್ರಹ

ಹೊಲ, ಮನೆ, ಹೊನ್ನು, ಧಾನ್ಯ, ಪಶು, ಪರಿಜನ ಮೊದಲಾದ ಬಾಹ್ಯವಸ್ತುಗಳಲ್ಲಿ ‘ಇದು ನನ್ನದು’ ಎಂದು ಬೇರೂರಿದ ಮಮಕಾರವನ್ನೂ, ಆ ಮಮಕಾರವನ್ನು ಆಶ್ರಯಿಸಿ ಬೆಳೆಯುವ ಸಂಗ್ರಹವನ್ನೂ ತೊರೆಯುವ ವ್ರತಕ್ಕೆ ಅಪರಿಗ್ರಹವೆಂದು ಹೆಸರು. ಜೈನಧರ್ಮದ ಪಂಚವ್ರತಗಳಲ್ಲಿ ಇದು ಕಡೆಯದು. ಪತಂಜಲಿಯ ಯೋಗಸೂತ್ರಗಳು ಹೇಳುವ ಐದು ಯಮಗಳಲ್ಲಿಯೂ ಇದಕ್ಕೆ ಕೊನೆಯ ಸ್ಥಾನವೇ. ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಕಟ್ಟು, ನೀರು ಸೋಸುವ ಬಟ್ಟೆ ಎಂಬ ಎಂಟೇ ವಸ್ತುಗಳನ್ನು ಭಿಕ್ಷುವಿಗೆ ಅನುಮತಿಸಿದ ಬೌದ್ಧಸಂಘವೂ ಇದೇ ಹಾದಿಯಲ್ಲಿ ನಡೆಯಿತು. ಆದರೆ ಮಮತೆಯ ಮೂಲಸ್ಥಾನ ಮನಸ್ಸೇ ಎಂದು ಮೊದಲು ನಿರ್ಧರಿಸಿ, ಹಾಗೆ ನಿರ್ಧರಿಸಿದ ಮೇಲೂ ಮನಸ್ಸಿನ ಸಾಕ್ಷ್ಯವನ್ನಷ್ಟೇ ನಂಬಿ ಕುಳಿತುಕೊಳ್ಳದೆ, ಕೈಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕವಿಡಲು ತೊಡಗಿ, ಆ ಎಣಿಕೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ ಕೀರ್ತಿ ಜೈನರಿಗೆ ಸಲ್ಲತಕ್ಕದ್ದು. ಆದಕಾರಣ ಈ ಲೇಖನದಲ್ಲಿ ಅವರ ವಿಚಾರವೇ ಪ್ರಧಾನವಾಗಿದೆ.

ಇಪ್ಪತ್ತಮೂರನೆಯ ತೀರ್ಥಂಕರನಾದ ಪಾರ್ಶ್ವನಾಥನು ಉಪದೇಶಿಸಿದ್ದು ನಾಲ್ಕೇ ಯಾಮಗಳೆಂದೂ, ಬ್ರಹ್ಮಚರ್ಯವು ಅವುಗಳ ಕಡೆಯದಾದ ಪರಿಗ್ರಹತ್ಯಾಗದಲ್ಲಿಯೇ ಅಡಕವಾಗಿತ್ತೆಂದೂ, ಮಹಾವೀರನು ಅವೆರಡನ್ನೂ ಬೇರ್ಪಡಿಸಿ ವ್ರತಗಳನ್ನು ಐದಾಗಿ ಮಾಡಿದನೆಂದೂ ಸಂಪ್ರದಾಯ. ಉತ್ತರಾಧ್ಯಯನ ಸೂತ್ರದಲ್ಲಿ, ಪಾರ್ಶ್ವನ ಪರಂಪರೆಗೆ ಸೇರಿದ ಕೇಶಿಯೂ ಮಹಾವೀರನ ಶಿಷ್ಯನಾದ ಗೌತಮನೂ ಶ್ರಾವಸ್ತಿಯಲ್ಲಿ ಸಂಧಿಸಿ ಈ ಭೇದವನ್ನು ಕುರಿತು ಚರ್ಚಿಸುವ ಪ್ರಸಂಗವೊಂದಿದೆ. ಗುರಿಯೊಂದೇ ಆಗಿರುವಾಗ ವ್ರತಗಳ ಸಂಖ್ಯೆ ಏಕೆ ಬೇರೆಯಾಯಿತೆಂದು ಕೇಶಿ ಕೇಳಲು, ಕಾಲಕಾಲಕ್ಕೆ ಜನರ ಸ್ವಭಾವ ಬೇರೆಯಾದುದರಿಂದ ಹಾಗಾಯಿತೆಂದು ಗೌತಮನು ಸಮಾಧಾನ ಹೇಳುತ್ತಾನೆ. ನಡುವಣ ತೀರ್ಥಂಕರರ ಕಾಲದವರು ಸರಳರೂ ಪ್ರಾಜ್ಞರೂ ಆಗಿದ್ದುದರಿಂದ ಹೇಳದೆ ಬಿಟ್ಟದ್ದನ್ನೂ ತಾವೇ ತಿಳಿದು ನಡೆಯುತ್ತಿದ್ದರು, ಕಡೆಯ ತೀರ್ಥಂಕರನ ಕಾಲದವರಾದರೋ ವಕ್ರರು, ಬಿಡಿಸಿ ಹೇಳದಿದ್ದರೆ ಸಂದಿಯಲ್ಲಿ ನುಸುಳುವವರು. ಈ ಉತ್ತರದಲ್ಲಿ ಇರುವ ಲೋಕಾನುಭವವು ಅಪರಿಗ್ರಹದ ಮುಂದಿನ ಇತಿಹಾಸಕ್ಕೆಲ್ಲ ಅನ್ವಯಿಸತಕ್ಕದ್ದು.

ದಿಗಂಬರ ಶ್ವೇತಾಂಬರರಿಬ್ಬರಿಗೂ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಯು ಪರಿಗ್ರಹದ ಲಕ್ಷಣವನ್ನು ವಸ್ತುವಿನ ಮೇಲೆ ನಿಲ್ಲಿಸದೆ, ವಸ್ತುವಿನಲ್ಲಿ ಮೈಮರೆಯುವ ಆಸಕ್ತಿಯ ಮೇಲೆ ನಿಲ್ಲಿಸಿದನು. ವ್ಯಾಖ್ಯಾನಕಾರರು ಇದನ್ನು ವಿಸ್ತರಿಸಿ, ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ ಮುಂತಾಗಿ ಬಾಹ್ಯ ಪರಿಗ್ರಹಗಳು ಹತ್ತೆಂದೂ, ಮಿಥ್ಯಾತ್ವವೊಂದು, ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳು ನಾಲ್ಕು, ಹಾಸ್ಯ, ರತಿ, ಶೋಕ, ಭಯ, ಜುಗುಪ್ಸೆ ಮೊದಲಾದ ನೋಕಷಾಯಗಳು ಒಂಬತ್ತು, ಹೀಗೆ ಅಂತರಂಗದ ಪರಿಗ್ರಹಗಳು ಹದಿನಾಲ್ಕೆಂದೂ ವಿಂಗಡಿಸಿದರು. ನಗೆಯನ್ನೂ ದುಃಖವನ್ನೂ ಆಸ್ತಿಯ ಪಟ್ಟಿಗೆ ಸೇರಿಸಿದ ಈ ವಿಂಗಡಣೆ ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ವರ್ಷಗಟ್ಟಲೆ ಒಂದು ಹಗೆಯನ್ನು ಜತನದಿಂದ ಕಾಪಾಡಿಕೊಂಡು ಬಂದವರನ್ನು ಕಂಡವರಿಗೆ ವಿಚಿತ್ರವೆನಿಸಲಾರದು. ಆಸಕ್ತಿಯೇ ಪರಿಗ್ರಹವಾಗಿದ್ದಲ್ಲಿ, ಅರಮನೆಯಲ್ಲಿದ್ದೂ ನಿರಾಸಕ್ತನಾದವನು ಅಪರಿಗ್ರಹಿಯಾಗಲಾರನೇ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟಿತು. ಈ ವ್ರತದ ಕಥೆಯೆಲ್ಲವೂ ಒಂದರ್ಥದಲ್ಲಿ ಆ ಪ್ರಶ್ನೆಗೆ ಬಂದ ಬೇರೆಬೇರೆ ಉತ್ತರಗಳ ಕಥೆ.

ದಿಗಂಬರರ ಉತ್ತರ ನಿಷ್ಠುರವಾದುದು. ಅರಿವೆಯ ತುಂಡೊಂದು ಮೈಮೇಲಿದ್ದರೂ ಅದನ್ನು ಒಗೆಯುವ, ಒಣಗಿಸುವ, ಹರಿದರೆ ಬೇಡುವ, ಕಳೆದರೆ ಹುಡುಕುವ ಚಿಂತೆ ಬೆನ್ನಟ್ಟುವುದರಿಂದ ಮಹಾವ್ರತ ಪೂರ್ಣವಾಗದೆಂಬುದು ಅವರ ಮತ. ದಿಗಂಬರ ಮುನಿಯ ಬಳಿ ಇರಬಹುದಾದದ್ದು ಕುಳಿತೇಳುವಾಗ ಕ್ರಿಮಿಗಳನ್ನು ನೋಯಿಸದೆ ಸರಿಸಲು ನವಿಲುಗರಿಯ ಪಿಂಛಿ, ಶೌಚಕ್ಕಾಗಿ ನೀರಿಡುವ ಕಮಂಡಲು, ಅಧ್ಯಯನಕ್ಕೊಂದು ಶಾಸ್ತ್ರಗ್ರಂಥ, ಇಷ್ಟೇ. ಊಟಕ್ಕೆ ಪಾತ್ರೆಯಿಲ್ಲ, ದಿನಕ್ಕೊಮ್ಮೆ ಶ್ರಾವಕರ ಮನೆಯಲ್ಲಿ ನಿಂತು, ಜೋಡಿಸಿದ ಅಂಗೈಗಳಿಗೆ ಅವರು ಇಕ್ಕಿದ ತುತ್ತುಗಳನ್ನು ಉಣ್ಣತಕ್ಕದ್ದು. ತಲೆಗೂದಲನ್ನು ಕತ್ತಿಯಿಂದ ತೆಗೆಸಿದರೆ ಕತ್ತಿಯನ್ನಾಗಲಿ ಕ್ಷೌರಿಕನನ್ನಾಗಲಿ ಅವಲಂಬಿಸಬೇಕಾದೀತೆಂದು ಕೈಯಿಂದಲೇ ಕಿತ್ತುಕೊಳ್ಳುವ ಕೇಶಲೋಚವು ಅವನ ಮೂಲಗುಣಗಳಲ್ಲೊಂದು. ಸಂಯಮಕ್ಕೆ ಸಾಧನವಾದ ವಸ್ತ್ರವೂ ಪಾತ್ರೆಯೂ ಆಸಕ್ತಿಯಿಲ್ಲದವನ ಬಳಿ ಇದ್ದರೆ ಪರಿಗ್ರಹವೆನಿಸದೆ ಉಪಕರಣವೆನಿಸುವುವೆಂದು ಶ್ವೇತಾಂಬರರು ವಾದಿಸಿದರು. ಕರ್ನಾಟಕದಲ್ಲಿ ಬಹುಕಾಲ ಬಾಳಿ ಆಮೇಲೆ ಮರೆಯಾದ ಯಾಪನೀಯ ಸಂಘವು ಇವೆರಡರ ನಡುವೆ ನಿಂತಿತ್ತು; ಅದರ ಮುನಿಗಳು ನಗ್ನರಾಗಿರುತ್ತಿದ್ದರು, ಆದರೂ ವಸ್ತ್ರವನ್ನುಟ್ಟ ಸ್ತ್ರೀಗೆ ಆ ಜನ್ಮದಲ್ಲಿಯೇ ಮೋಕ್ಷವುಂಟೆಂದು ಒಪ್ಪುತ್ತಿದ್ದರು.

ಮುನಿಯ ತ್ಯಾಗ ಸಂಪೂರ್ಣವಾದುದರಿಂದ ಅಲ್ಲಿ ಲೆಕ್ಕಕ್ಕೆ ಹೆಚ್ಚು ಕೆಲಸವಿಲ್ಲ. ಲೆಕ್ಕದ ನಿಜವಾದ ವೈಭವ ಕಾಣುವುದು ಗೃಹಸ್ಥನ ಅಣುವ್ರತದಲ್ಲಿ. ಇದಕ್ಕೆ ಪರಿಗ್ರಹಪರಿಮಾಣವ್ರತವೆಂದೂ ಇಚ್ಛಾಪರಿಮಾಣವೆಂದೂ ಹೆಸರುಂಟು. ಇಂತಿಷ್ಟು ಹೊಲ, ಇಂತಿಷ್ಟು ಹೊನ್ನು, ಇಷ್ಟು ಹಸು, ಇಷ್ಟು ಪಾತ್ರೆ, ಇದಕ್ಕೆ ಮೀರಿದ್ದು ನನಗೆ ಬೇಡವೆಂದು ಶ್ರಾವಕನು ಗುರುಸನ್ನಿಧಿಯಲ್ಲಿ ತಾನೇ ಗೊತ್ತುಮಾಡಿಕೊಳ್ಳುವ ಮಿತಿಯಿದು. ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾ ಎಂಬ ಗ್ರಂಥವು ಮಹಾವೀರನ ಹತ್ತು ಮಂದಿ ಗೃಹಸ್ಥ ಶಿಷ್ಯರ ಚರಿತ್ರೆಯನ್ನು ಹೇಳುತ್ತದೆ; ಅವರಲ್ಲಿ ಮೊದಲಿಗನಾದ ವಾಣಿಜ್ಯಗ್ರಾಮದ ಆನಂದನು ವ್ರತ ತೆಗೆದುಕೊಂಡ ಪ್ರಸಂಗದಷ್ಟು ವಿವರವಾದ ಆಸ್ತಿಪಟ್ಟಿ ಪ್ರಾಚೀನ ಧರ್ಮಗ್ರಂಥಗಳಲ್ಲಿ ಅಪರೂಪ. ನೆಲದಲ್ಲಿ ಹೂಳಿಟ್ಟದ್ದು ನಾಲ್ಕು ಕೋಟಿ ಹಿರಣ್ಯ, ಬಡ್ಡಿಗೆ ಬಿಟ್ಟದ್ದು ನಾಲ್ಕು ಕೋಟಿ, ಗೃಹೋಪಯೋಗದಲ್ಲಿರುವುದು ನಾಲ್ಕು ಕೋಟಿ. ಹತ್ತು ಸಾವಿರದ ಹಿಂಡಿನಂತೆ ನಾಲ್ಕು ಗೋವಿನ ಹಿಂಡು. ಐನೂರು ನೇಗಿಲು ಉಳುವಷ್ಟು ನೆಲ. ದೂರದ ಪ್ರಯಾಣಕ್ಕೆ ಐನೂರು ಬಂಡಿ, ಸರಕು ಸಾಗಿಸಲು ಮತ್ತೆ ಐನೂರು. ಇಷ್ಟರಿಂದಾಚೆಗೆ ತನಗೆ ಏನೂ ಬೇಡವೆಂದನು ಆನಂದ! ಓದುವವರಿಗೆ ನಗು ಬಂದರೆ ಅದು ಅವರ ತಪ್ಪಲ್ಲ; ಆದರೆ ಪಟ್ಟಿ ಇಲ್ಲಿಗೇ ನಿಲ್ಲದೆ ಒಳಮನೆಗೂ ಬಚ್ಚಲಿಗೂ ಇಳಿಯುತ್ತದೆ. ಮೈಯೊರಸಿಕೊಳ್ಳಲು ಗಂಧವಾಸನೆಯ ಕೆಂಪು ವಸ್ತ್ರವೊಂದೇ, ಹಲ್ಲುಜ್ಜಲು ಅತಿಮಧುರದ ಹಸಿ ಕಡ್ಡಿಯೊಂದೇ, ಹಣ್ಣುಗಳಲ್ಲಿ ಹಾಲುನೆಲ್ಲಿಯೊಂದೇ, ಉಡಲು ಹತ್ತಿಯ ಒಂದು ಜೊತೆ, ತೊಡಲು ಕರ್ಣಾಭರಣ ಮತ್ತು ಹೆಸರು ಕೆತ್ತಿದ ಉಂಗುರ, ತುಪ್ಪವಾದರೆ ಶರತ್ಕಾಲದ ಹಸುವಿನ ತುಪ್ಪ, ಕುಡಿಯಲು ಆಕಾಶದಿಂದ ಬಿದ್ದ ಮಳೆಯ ನೀರು. ಕೋಟಿಗಳನ್ನು ಮುಟ್ಟದೆ ಬಿಟ್ಟ ವ್ರತವು ಹಲ್ಲುಕಡ್ಡಿಯ ಆಯ್ಕೆಯನ್ನು ಕಟ್ಟಿಹಾಕಿತು. ಆನಂದನನ್ನು ಬಡವನನ್ನಾಗಿಸುವುದು ಅದರ ಉದ್ದೇಶವಾಗಿರಲಿಲ್ಲ; ಇನ್ನಷ್ಟು ಬೇಕೆಂಬ ಬಯಕೆಗೆ ಗಡಿಕಲ್ಲು ನೆಡುವುದಷ್ಟೇ ಅದರ ಕಾರ್ಯ. ಹದಿನಾಲ್ಕು ವರ್ಷ ಹೀಗೆ ನಡೆದ ಮೇಲೆ ಅವನು ಮನೆವಾರ್ತೆಯನ್ನು ಹಿರಿಯ ಮಗನಿಗೊಪ್ಪಿಸಿ ಪೋಷಧಶಾಲೆಯನ್ನು ಸೇರಿದನೆಂದೂ, ಅಲ್ಲಿ ಅವನಿಗೆ ಒದಗಿದ, ಇಂದ್ರಿಯಗಳ ಎಟುಕಿಗೆ ಮೀರಿದ್ದನ್ನು ಕಾಣುವ ಅವಧಿಜ್ಞಾನವನ್ನು ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲವೆಂದು ಶಂಕಿಸಿದ ಗೌತಮನಿಗೆ, ಹೋಗಿ ಆನಂದನ ಕ್ಷಮೆ ಕೇಳಿಕೊಂಡು ಬಾರೆಂದು ಮಹಾವೀರನೇ ಆಜ್ಞಾಪಿಸಿದನೆಂದೂ ಕಥೆ ಮುಂದುವರಿಯುತ್ತದೆ.

ಎಣಿಕೆಯಿರುವಲ್ಲಿ ಎಣಿಕೆಯನ್ನು ತಪ್ಪಿಸಿಕೊಳ್ಳುವ ಜಾಣತನವೂ ಇರುವುದೆಂಬುದು ಆಚಾರ್ಯರಿಗೆ ತಿಳಿಯದ ವಿಷಯವಾಗಿರಲಿಲ್ಲ. ಗುಜರಾತಿನ ಚೌಲುಕ್ಯ ದೊರೆ ಕುಮಾರಪಾಲನಿಗಾಗಿ ಹೇಮಚಂದ್ರನು 12ನೆಯ ಶತಮಾನದಲ್ಲಿ ಬರೆದ ಯೋಗಶಾಸ್ತ್ರವು ಈ ವ್ರತದ ಐದು ಅತಿಚಾರಗಳನ್ನು, ಎಂದರೆ ಮಾತಿಗೆ ಭಂಗ ಬಾರದಂತೆ ಅರ್ಥಕ್ಕೆ ಭಂಗ ತರುವ ಉಪಾಯಗಳನ್ನು, ವ್ಯಾಪಾರಿಗಳ ನಡುವೆಯೇ ಬದುಕಿದವನ ಸೂಕ್ಷ್ಮದೃಷ್ಟಿಯಿಂದ ಹೆಸರಿಸಿದೆ. ಎರಡು ಹೊಲಗಳ ನಡುವಣ ಬೇಲಿಯನ್ನೋ ಎರಡು ಮನೆಗಳ ನಡುವಣ ಗೋಡೆಯನ್ನೋ ಕೆಡವಿ ಅವೆರಡೂ ಒಂದೇ ಎನ್ನುವುದು. ಪಾತ್ರೆಗಳ ಸಂಖ್ಯೆ ಮೀರಿದಾಗ ಎರಡನ್ನು ಕರಗಿಸಿ ಒಂದು ದೊಡ್ಡ ಪಾತ್ರೆ ಮಾಡಿಸುವುದು. ಗಬ್ಬದ ಹಸುವಿನ ಹೊಟ್ಟೆಯಲ್ಲಿರುವ ಕರುವನ್ನು ಎಣಿಕೆಗೆ ಹಿಡಿಯದೆ ಬಿಡುವುದು. ಬರತಕ್ಕ ಧಾನ್ಯವನ್ನು ಮಾತಿನಿಂದ ಕಟ್ಟಿಹಾಕಿ ವ್ರತದ ಅವಧಿ ಮುಗಿಯುವತನಕ ಕೊಟ್ಟವನ ಮನೆಯಲ್ಲಿಯೇ ಇರಗೊಡುವುದು. ಹೆಚ್ಚಾದ ಹೊನ್ನನ್ನು ನಂಟರಿಷ್ಟರ ಹೆಸರಿಗೆ ಕೊಟ್ಟಂತೆ ಮಾಡಿ ಆಮೇಲೆ ಹಿಂದಕ್ಕೆ ಪಡೆಯುವುದು. ಮನಶ್ಶುದ್ಧಿಯನ್ನು ಕುರಿತು ಎಷ್ಟು ಎತ್ತರದ ಮಾತನ್ನಾಡಿದರೂ ಗೋಡೆ ಕೆಡವುವವನನ್ನು ಹಿಡಿಯಲಾಗದು. ಅವನನ್ನು ಹಿಡಿಯಲು ಗೋಡೆಗಳನ್ನೇ ಎಣಿಸಬೇಕು. ಜೈನಾಚಾರದ ಬಲವಿರುವುದು ಈ ಒಣ ಲೆಕ್ಕದಲ್ಲಿಯೇ ಎಂದು ನಮಗೆ ತೋರುತ್ತದೆ.

ಕನ್ನಡ ಸಾಹಿತ್ಯದ ಹಳೆಯ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯು ಪರಿಗ್ರಹದ ತುದಿಯಿಂದ ಅಪರಿಗ್ರಹದ ತುದಿಗೆ ಒಂದೇ ನೆಗೆತದಲ್ಲಿ ಹಾರುತ್ತದೆ. ಅರಸನಿಗೂ ಕೊಳ್ಳಲಾಗದ ರತ್ನಗಂಬಳಿಯನ್ನು ಕೊಂಡು, ತುಂಡರಿಸಿ, ಮೂವತ್ತಿಬ್ಬರು ಸೊಸೆಯರಿಗೆ ಪಾದರಕ್ಷೆ ಮಾಡಿಸಿದಳು ಸುಕುಮಾರನ ತಾಯಿ ಯಶೋಭದ್ರೆ. ಮಗನು ಮುನಿಗಳನ್ನು ಕಂಡ ದಿನವೇ ಮನೆ ಬಿಡುವನೆಂಬ ಭವಿಷ್ಯವಾಣಿಗೆ ಹೆದರಿ, ಅವನ ಕಣ್ಣಿಗೆ ಲೋಕವೇ ಬೀಳದಂತೆ ಮಾಡಿದ್ದಳು. ಮಣಿದೀಪದ ಬೆಳಕಿನಲ್ಲಿ ಬೆಳೆದ ಆತನ ಕಣ್ಣು ಆರತಿಯ ಸೊಡರಿಗೆ ನೀರಾಡುತ್ತಿತ್ತು; ಸೇಸೆಯಾಗಿ ಇಕ್ಕಿದ ಬಿಳಿಯ ಸಾಸಿವೆಯ ಕಾಳು ಮೈಗೆ ಒತ್ತಿ ಆತನನ್ನು ನೋಯಿಸುತ್ತಿತ್ತು. ಅಂಥವನು ದೀಕ್ಷೆವಹಿಸಿ ಕಾಡಿನಲ್ಲಿ ಅಲುಗದೆ ನಿಂತಿರಲು, ಹಿಂದಿನ ಜನ್ಮದ ಹಗೆಯುಳ್ಳ ನರಿಯೊಂದು ತನ್ನ ಮರಿಗಳೊಡನೆ ಬಂದು ಮೂರು ರಾತ್ರಿ ಆತನ ಮೈಯನ್ನು ತಿಂದಿತು. ಸಾಸಿವೆಯನ್ನು ಸಹಿಸಲಾರದ ದೇಹ ನರಿಯ ಹಲ್ಲನ್ನು ಸಹಿಸಿತೆಂಬುದನ್ನು ಕಥೆಗಾರನು ವಿವರಿಸಲು ಹೋಗುವುದಿಲ್ಲ. ಅದೇ ಅವನ ಹಿರಿಮೆ.

ಪಂಪನ ಆದಿಪುರಾಣದಿಂದ (941) ಕನ್ನಡಿಗರಿಗೆ ಮನೆಮಾತಾದ ಭರತ ಬಾಹುಬಲಿಗಳ ಕಥೆ ಇನ್ನೊಂದು ಬಗೆಯದು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಗೆ ಒಂದು ವರ್ಷ ಕಳೆದರೂ ಕೇವಲಜ್ಞಾನ ಉದಯಿಸಲಿಲ್ಲ. ತಾನು ನಿಂತಿರುವ ನೆಲ ಭರತನದೆಂಬ ಎಣಿಕೆ ಎದೆಯೊಳಗೆ ಮುರಿದ ಮುಳ್ಳಾಗಿ ಉಳಿದಿತ್ತೆಂದು ನಮ್ಮ ಕಡೆಯ ಜನ ಹೇಳಿಕೊಂಡು ಬಂದಿದ್ದಾರೆ. ಪರರ ಆಸ್ತಿಯ ನೆನಪೂ ಪರಿಗ್ರಹವೇ ಆಗಬಲ್ಲುದೆಂಬ ಈ ಸೂಕ್ಷ್ಮ ಶಾಸ್ತ್ರಗ್ರಂಥಗಳಲ್ಲಿಯೂ ಇಷ್ಟು ಸ್ಫುಟವಾಗಿ ಬಂದಿಲ್ಲ. ಗಂಗರ ಮಂತ್ರಿಯೂ ಸೇನಾನಿಯೂ ಆದ ಚಾವುಂಡರಾಯನು ಸುಮಾರು 981ರಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಬಾಹುಬಲಿಯನ್ನು ಸುಮಾರು 58 ಅಡಿಯ ಏಕಶಿಲೆಯಲ್ಲಿ ಕಡೆಯಿಸಿ ನಿಲ್ಲಿಸಿದನು. ಇಂಥ ವಿಗ್ರಹವನ್ನು ಮಾಡಿಸಿದವನು ತಾನೆಂಬ ಹೆಮ್ಮೆ ಅವನನ್ನು ಹಿಡಿಯಿತೆಂದೂ, ಕೊಡಗಟ್ಟಲೆ ಹಾಲನ್ನು ಸುರಿದರೂ ಅಭಿಷೇಕ ಮೂರ್ತಿಯ ಸೊಂಟದಿಂದ ಕೆಳಕ್ಕಿಳಿಯಲಿಲ್ಲವೆಂದೂ, ಕಡೆಗೆ ಬಡಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತೆಂದೂ ಸ್ಥಳಪುರಾಣ. ಆ ಗುಳ್ಳಕಾಯಜ್ಜಿಯ ಶಿಲ್ಪ ಗೊಮ್ಮಟನಿಗೆ ಎದುರಾಗಿ ಇಂದಿಗೂ ನಿಂತಿದೆ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶದ ಸೇವೆಯನ್ನು ಭಾರಿ ಮೊತ್ತ ತೆತ್ತು ಪಡೆಯುವ ಶ್ರೀಮಂತರು ಅಜ್ಜಿಯ ಮುಂದೆಯೇ ಹಾದುಹೋಗಬೇಕಾಗಿದೆ.

ಅರಮನೆಯ ಅಪರಿಗ್ರಹಿಯ ಪರವಾಗಿ ಕನ್ನಡದಲ್ಲಿ ಎದ್ದ ಅತ್ಯಂತ ಧೈರ್ಯದ ದನಿ ಮೂಡಬಿದಿರೆಯ ರತ್ನಾಕರವರ್ಣಿಯದು. 16ನೆಯ ಶತಮಾನದ ನಡುವಿನಲ್ಲಿ ಸಾಂಗತ್ಯದಲ್ಲಿ ಬರೆದ ಭರತೇಶವೈಭವದಲ್ಲಿ ಅವನು ತ್ಯಾಗಿಯಾದ ತಮ್ಮನನ್ನು ಬದಿಗಿರಿಸಿ, ತೊಂಬತ್ತಾರು ಸಾವಿರ ರಾಣಿಯರ ಒಡೆಯನಾದ ಅಣ್ಣನನ್ನೇ ನಾಯಕನನ್ನಾಗಿ ಆರಿಸಿಕೊಂಡನು. ಅವನ ಭರತನು ಭೋಗದ ನಡುವೆಯೇ ಆತ್ಮಧ್ಯಾನದಲ್ಲಿರುತ್ತಾನೆ. ಕಡೆಗೆ ದೀಕ್ಷೆ ವಹಿಸಿದಾಗ, ಇತರರು ವರ್ಷಗಟ್ಟಲೆ ತಪಸ್ಸು ಮಾಡಿ ಪಡೆಯುವುದನ್ನು ಅಂತರ್ಮುಹೂರ್ತ ಮಾತ್ರದಲ್ಲಿ ಪಡೆಯುತ್ತಾನೆ. ಕಾವ್ಯವಾಗಿ ಇದು ಅತ್ಯಂತ ಮನೋಹರವಾದ ಕೃತಿ, ಉಮಾಸ್ವಾತಿಯ ಲಕ್ಷಣಕ್ಕೂ ವಿರುದ್ಧವಾದುದಲ್ಲ. ಆದರೆ ಈ ಬಗೆಯ ಅಪರಿಗ್ರಹವನ್ನು ಪರೀಕ್ಷಿಸುವ ಸಾಧನ ಯಾರ ಬಳಿಯೂ ಇಲ್ಲ; ಭರತನಲ್ಲದವರೂ ಭರತನ ಮಾತನ್ನಾಡುವುದು ಸುಲಭ.

ಸಂಸ್ಥೆಗಳ ಇತಿಹಾಸದಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟವಾಗಿದೆ. ಬಸದಿಗೆ ಗ್ರಾಮವನ್ನೋ ಗದ್ದೆಯನ್ನೋ ಬಿಡುವಾಗ ದಾನಿಯು ಆಚಾರ್ಯನ ಕಾಲು ತೊಳೆದು ಧಾರೆಯೆರೆದನೆಂದು ನಮ್ಮ ಶಾಸನಗಳು ಮತ್ತೆಮತ್ತೆ ಹೇಳುತ್ತವೆ. ಅರಿವೆಯನ್ನೂ ಇಟ್ಟುಕೊಳ್ಳಬಾರದ ಪರಂಪರೆಯ ಕೈಗೆ ಹೀಗೆ ಭೂಮಿ ಬಂದು ಸೇರಿತು. ಅದನ್ನು ನೋಡಿಕೊಳ್ಳಲು ವಸ್ತ್ರಧಾರಿಗಳಾದ ಭಟ್ಟಾರಕರ ಪೀಠಗಳು ಬೆಳೆದುವು. ಇದನ್ನು ಬರಿಯ ಶೈಥಿಲ್ಯವೆಂದು ತಳ್ಳಿಹಾಕುವುದು ಅನ್ಯಾಯ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಉಳಿದು ಬಂದುದು ಕಾಯುವ ಮಠವೊಂದಿದ್ದುದರಿಂದಲೇ. ಗೃಹಸ್ಥರಿಗೆ ಮಿತಿಮೀರಿದ ಸಂಪತ್ತು ಹರಿದುಹೋಗಲು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದ ಕಾಲುವೆ ಇತ್ತು. ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದೂ, 1007ರಲ್ಲಿ ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ್ದೂ ಈ ದಾನಧರ್ಮದ ಫಲ.

ಹನ್ನೆರಡನೆಯ ಶತಮಾನದ ಶರಣರು ವ್ರತದ ಭಾಷೆಯನ್ನು ಬಿಟ್ಟು ಕಾಯಕ ದಾಸೋಹಗಳ ಭಾಷೆಯಲ್ಲಿ ಇದೇ ವಿಷಯವನ್ನು ಎತ್ತಿಕೊಂಡರು. ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಹೆಚ್ಚಳ ಬಸವಣ್ಣನ ಅನುಮಾನದ ಚಿತ್ತದಿಂದ ಬಂದುದೋ ಗಂಡನ ಆಸೆಯಿಂದ ಬಂದುದೋ ಎಂದು ಪ್ರಶ್ನಿಸಿ, ಎಲ್ಲಿಂದ ತಂದನೋ ಅಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳು. ಆನಂದನ ಮಿತಿ ಜೀವಮಾನಕ್ಕೊಮ್ಮೆ ಗೊತ್ತಾದುದು. ಲಕ್ಕಮ್ಮನದು ದಿನದಿನವೂ ಹೊಸದಾಗಿ ಅಳೆಯಬೇಕಾದುದು, ಅದೂ ಬೊಗಸೆಯಲ್ಲಿ. ಎರಡರಲ್ಲಿಯೂ ಅಳತೆಯನ್ನು ಬಿಟ್ಟುಕೊಟ್ಟಿಲ್ಲವೆಂಬುದು ಗಮನಾರ್ಹ. ಪುರಂದರದಾಸರು ನವಕೋಟಿಯನ್ನು ಬಿಟ್ಟು ಹೊರಟ ಮೂಗುತಿಯ ಪ್ರಸಂಗ ಎಲ್ಲರಿಗೂ ತಿಳಿದದ್ದೇ ಆದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ.

ದೇಹವೇ ಕಡೆಯ ಪರಿಗ್ರಹವೆಂಬ ಭಾವನೆಯಿಂದ ಆಹಾರವನ್ನು ಕ್ರಮವಾಗಿ ಕುಗ್ಗಿಸಿ ಪ್ರಾಣ ಬಿಡುವ ಸಲ್ಲೇಖನವು ಈ ವ್ರತದ ಅಂಚಿನಲ್ಲಿರುವ ಆಚರಣೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಇದನ್ನು ಸ್ಮರಿಸುವ ಶಾಸನಗಳು ಹೇರಳ; ರಾಷ್ಟ್ರಕೂಟರ ಕಡೆಯ ಅರಸನಾದ ನಾಲ್ವಡಿ ಇಂದ್ರನು ರಾಜ್ಯವನ್ನು ಕಳೆದುಕೊಂಡ ಮೇಲೆ 982ರಲ್ಲಿ ಅಲ್ಲಿಯೇ ಮುಡಿಪಿದನು. ಬೆಳಗಾವಿ ಸೀಮೆಯಲ್ಲಿ ಹುಟ್ಟಿ, ದಿಗಂಬರ ಮುನಿಪರಂಪರೆಗೆ 20ನೆಯ ಶತಮಾನದಲ್ಲಿ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು.

ಆಧುನಿಕ ಕಾಲದಲ್ಲಿ ಅಪರಿಗ್ರಹವನ್ನು ಮತೀಯ ಆವರಣದಿಂದ ಹೊರಕ್ಕೆ ತಂದವರು ಗಾಂಧೀಜಿ. 1891ರಲ್ಲಿ ವಿಲಾಯತಿಯಿಂದ ಮರಳಿದಾಗ ಮುಂಬಯಿಯಲ್ಲಿ ಅವರಿಗೆ ಪರಿಚಯವಾದ ರಾಯಚಂದಭಾಯಿ (1867–1901) ವಜ್ರದ ವ್ಯಾಪಾರಿಗಳು. ವ್ಯವಹಾರದ ಮಾತು ಮುಗಿದ ಮರುಕ್ಷಣವೇ ಧರ್ಮಗ್ರಂಥವನ್ನೋ ತಮ್ಮ ಚಿಂತನೆಯ ಪುಸ್ತಕವನ್ನೋ ತೆರೆದು ಕೂರುತ್ತಿದ್ದ ಅವರಲ್ಲಿ ಗಾಂಧೀಜಿ ಕಂಡದ್ದು ರತ್ನಾಕರನ ಭರತನಂಥ ಒಬ್ಬ ಗೃಹಸ್ಥನನ್ನೇ. ಆದರೆ ಗಾಂಧೀಜಿ ತಮ್ಮ ಮಟ್ಟಿಗೆ ಅದನ್ನು ಸಾಕೆಂದುಕೊಳ್ಳಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಗೀತೆಯನ್ನು ಓದುತ್ತ ಅಪರಿಗ್ರಹವೆಂಬ ಮಾತು ಮನಸ್ಸನ್ನು ಹಿಡಿದಾಗ, ಹತ್ತು ಸಾವಿರ ರೂಪಾಯಿಯ ಜೀವವಿಮೆಯ ಕಂತು ಕಟ್ಟುವುದನ್ನು ನಿಲ್ಲಿಸಿಬಿಟ್ಟರು. ಅದಕ್ಕೆ ಮುಂಚೆಯೇ 1901ರಲ್ಲಿ, ಭಾರತೀಯರು ಬೀಳ್ಕೊಡುಗೆಯಾಗಿ ಇತ್ತ ಒಡವೆಗಳನ್ನು, ತಮಗೆ ಬಂದ ಹಾರವನ್ನು ಬಿಡಲೊಲ್ಲದ ಕಸ್ತೂರಬಾರ ಕಣ್ಣೀರನ್ನೂ ಲೆಕ್ಕಿಸದೆ, ಸಮಾಜದ ಕೆಲಸಕ್ಕೆಂದು ಧರ್ಮದರ್ಶಿಗಳ ಹೆಸರಿಗೆ ಪತ್ರ ಮಾಡಿ ಒಪ್ಪಿಸಿದ್ದರು. ಹೆಂಡತಿಯ ಪಾಲಿನದನ್ನು ಗಂಡ ತ್ಯಾಗಮಾಡಿದ್ದು ಯಾರ ವ್ರತವೆಂಬ ಪ್ರಶ್ನೆ ಓದುಗನಲ್ಲಿ ಉಳಿಯದಿರದು. 1915ರಲ್ಲಿ ಸ್ಥಾಪಿತವಾದ ಅವರ ಆಶ್ರಮದ ವ್ರತಗಳಲ್ಲಿ ಅಪರಿಗ್ರಹವೂ ಒಂದಾಯಿತು.

ಸಂಪತ್ತನ್ನು ಬಿಡಲಾರದವರು ಅದನ್ನು ಜನತೆಯ ಪರವಾಗಿ ಇಟ್ಟುಕೊಂಡ ನ್ಯಾಸಧಾರಿಗಳಂತೆ ವರ್ತಿಸಬೇಕೆಂಬ ಅವರ ಧರ್ಮದರ್ಶಿತ್ವ ಸಿದ್ಧಾಂತವು ಮೊದಲಿಗೆ ಧನಿಕನ ಅಂತಃಸಾಕ್ಷಿಯನ್ನೇ ನೆಚ್ಚಿತ್ತು. ಟೀಕಾಕಾರರು ಹಿಡಿದದ್ದೂ ಅದನ್ನೇ. 1940ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ದಾಂತವಾಲಾ ಅವರು ಸಿದ್ಧಪಡಿಸಿ, ಕಿಶೋರಲಾಲ ಮಶ್ರುವಾಲಾ ಮತ್ತು ನರಹರಿ ಪರೀಖರು ಗಾಂಧೀಜಿಯ ಮುಂದಿಟ್ಟು ತಿದ್ದಿಸಿಕೊಂಡ ಕರಡಿನಲ್ಲಾದರೋ, ಕನಿಷ್ಠ ವೇತನಕ್ಕೆ ಗೊತ್ತುಪಾಡಿರುವಂತೆ ಗರಿಷ್ಠ ವರಮಾನಕ್ಕೂ ಮಿತಿಯಿರಬೇಕೆಂಬ ಅಂಶ ಸೇರಿತು. ಪರಿಮಾಣವ್ರತದ ಹಳೆಯ ಎಣಿಕೆ ಹೀಗೆ ಅರ್ಥಶಾಸ್ತ್ರದ ಬಾಗಿಲಿನಿಂದ ಒಳಕ್ಕೆ ಬಂದಿತು. ಭೂಮಿಯ ವಿಷಯದಲ್ಲಿ ಅದು ಕಾಯಿದೆಯೇ ಆಯಿತು. ಕರ್ನಾಟಕದ ಭೂಸುಧಾರಣಾ ಶಾಸನಕ್ಕೆ ಬಂದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯು ಐವರವರೆಗಿನ ಕುಟುಂಬಕ್ಕೆ ಹತ್ತು ಯೂನಿಟ್ ಜಮೀನಿನ ಮಿತಿಯನ್ನು ವಿಧಿಸಿತು. ಅದರ ಹಿಂದೆಯೇ ಕಾಗದದ ಮೇಲಿನ ಪಾಲುಪಟ್ಟಿಗಳೂ, ನಂಟರ ಹೆಸರಿಗೆ ಬರೆದ ದಾನಪತ್ರಗಳೂ ಕಚೇರಿಗಳಲ್ಲಿ ಬೆಳೆದುವು. ಹೇಮಚಂದ್ರನು ಕಂಡಿದ್ದರೆ ಇವನ್ನು ಗುರುತು ಹಿಡಿಯಲು ಅವನಿಗೆ ತಡವಾಗುತ್ತಿರಲಿಲ್ಲ. ಅವನ ಶ್ರಾವಕನು ತನ್ನ ಅತಿಚಾರಗಳನ್ನು ಪ್ರತಿಕ್ರಮಣದಲ್ಲಿ ತಾನೇ ನೆನೆದು ಹೇಳಿಕೊಳ್ಳಬೇಕಾಗಿತ್ತು. ಕಾಯಿದೆಯ ಕೆಳಗೆ ಹೆಚ್ಚುವರಿ ಜಮೀನನ್ನು ಹುಡುಕಿ ತೆಗೆಯುವ ಕೆಲಸ ತಹಸೀಲ್ದಾರರದಾಯಿತು.